ಲೆಕ್ಕ ತಪ್ಪದ ಹುಚ್ಚು

ಬಸವನಗುಡಿಯ ಓದುಗರೊಬ್ಬರ ಪತ್ರದ ಸಾರ ಇಷ್ಟು. ಅವರ ಬಳಗ ತಿಂಗಳಿಗೊಮ್ಮೆ ಸೇರಿ ಕಥೆ ಓದುತ್ತದೆ. ಈ ಸಲ ಅಮೆರಿಕದ ಪೋ, ರಷ್ಯಾದ ಗೊಗೋಲ್, ಫ್ರಾನ್ಸಿನ ಮೊಪಾಸಾ, ಅಮೆರಿಕದ ಗಿಲ್ಮನ್ ಇವರ ಒಂದೊಂದು ಕಥೆ ಇಟ್ಟುಕೊಂಡಿದ್ದರು. ಎಷ್ಟು ಮಾತಾಡಿದರೂ ಚರ್ಚೆ ‘ಇವರೆಲ್ಲ ಹುಚ್ಚರು, ಹೇಳಿದ್ದನ್ನು ನಂಬುವ ಹಾಗಿಲ್ಲ’ ಎಂಬಲ್ಲಿಗೇ ಬಂದು ನಿಂತಿತು. ‘ಗೀಳು, ಪಾಪಪ್ರಜ್ಞೆ, ಹುಚ್ಚು ಈ ಮೂರನ್ನೂ ಬಿಡಿಸಿ ಹೋಲಿಸುವುದು ಹೇಗೆ, ಯಾವ ಕಥೆಯಿಂದ ಶುರು ಮಾಡಬೇಕು?’ ಎಂದು ಕೇಳಿದ್ದಾರೆ.

ಮಾನ್ಯರೇ,

‘ಇವನಿಗೆ ಹುಚ್ಚೋ ಅಲ್ಲವೋ’ ಎಂಬ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳಿ. ಅದರಿಂದಲೇ ಶುರು ಮಾಡಿದರೆ ಯಾರಾದರೊಬ್ಬರು ಕಾಯಿಲೆಯ ಹೆಸರು ಹೇಳಿ ಪಾತ್ರವನ್ನು ನಿಮ್ಹಾನ್ಸ್‌ಗೆ ಸೇರಿಸಿಬಿಡುತ್ತಾರೆ, ಉಳಿದವರು ಕಾಫಿಗೆ ಏಳುತ್ತಾರೆ. ಅದರ ಬದಲು ಎಲ್ಲರ ಕೈಗೂ ಒಂದೊಂದು ಪೆನ್ಸಿಲ್ ಕೊಡಿ. ಕಥೆಯಲ್ಲಿ ಬರುವ ಗಂಟೆ, ತಾರೀಕು, ‘ಎಷ್ಟು ಸಲ’ ಎಂಬ ಮಾತು, ಅಳತೆ, ಇವೆಲ್ಲದರ ಕೆಳಗೆ ಗೆರೆ ಎಳೆಯಲಿ. ಈ ಕಥೆಗಳಲ್ಲಿ ಬುದ್ಧಿ ಕೆಟ್ಟವರಿಗೆ ಲೆಕ್ಕ ತಪ್ಪುವುದು ಅಪರೂಪ. ಅವರು ಬೇಕಾದ್ದಕ್ಕಿಂತ ಹೆಚ್ಚು ಲೆಕ್ಕ ಇಡುತ್ತಾರೆ.

ಪೋನ ‘ದಿ ಟೆಲ್-ಟೇಲ್ ಹಾರ್ಟ್’ (1843) ತೆಗೆದುಕೊಳ್ಳಿ. ತಾನು ಕೊಂದ ಮುದುಕನ ಮೇಲೆ ದ್ವೇಷವಿಲ್ಲ, ಅವನ ದುಡ್ಡಿನ ಮೇಲೆ ಆಸೆಯಿಲ್ಲ ಎಂದು ನಿರೂಪಕನೇ ಹೇಳುತ್ತಾನೆ. ಕಾಡುವುದು ಮುದುಕನ ಪೊರೆ ಬಂದ ಒಂದು ತಿಳಿನೀಲಿ ಕಣ್ಣು ಮಾತ್ರ. ಏಳು ರಾತ್ರಿ, ಪ್ರತಿ ರಾತ್ರಿ ಸರಿಯಾಗಿ ಹನ್ನೆರಡಕ್ಕೆ, ಅವನ ಕೋಣೆಯ ಬಾಗಿಲು ಸರಿಸುತ್ತಾನೆ. ತಲೆಯೊಂದನ್ನು ಒಳಗೆ ತೂರಿಸಲು ಒಂದು ಗಂಟೆ ಹಿಡಿಯಿತಂತೆ. ಕೊಲೆ ಎಂಟನೆಯ ರಾತ್ರಿ. ನೆಲದ ಮೂರು ಹಲಗೆ ಕಿತ್ತು ಹೆಣ ಮುಚ್ಚಿ ಮುಗಿಸುವಾಗ ಗಂಟೆ ನಾಲ್ಕು. ‘ಹುಚ್ಚನಾಗಿದ್ದರೆ ಇಷ್ಟು ಜಾಣತನದಿಂದ ಮಾಡುತ್ತಿದ್ದೆನೇ?’ ಎಂಬುದು ಅವನ ವಾದ. ಆ ಕರಾರುವಾಕ್ಕಾದ ಲೆಕ್ಕವೇ ಅವನ ವಿರುದ್ಧದ ಸಾಕ್ಷಿ. ಇಲ್ಲಿಯವರೆಗಿನದು ಗೀಳು: ಒಂದು ವಸ್ತು, ಒಂದು ಹೊತ್ತು, ಒಂದೇ ಕ್ರಮ.

ಇದು ಪಾಪಪ್ರಜ್ಞೆಯ ಕಥೆ ಎಂದು ಶಾಲೆಯ ಟಿಪ್ಪಣಿಗಳಲ್ಲಿ ಇರುತ್ತದೆ. ಆ ಮಾತನ್ನು ಪರೀಕ್ಷೆ ಮಾಡದೆ ಒಪ್ಪಬೇಡಿ. ಕೊನೆಯ ಪುಟವನ್ನು ಇನ್ನೊಮ್ಮೆ ನೋಡಿ. ಮೂವರು ಪೊಲೀಸರು ಬಂದಾಗ ಅವನು ತನ್ನ ಕುರ್ಚಿಯನ್ನು ಹೆಣದ ಮೇಲೇ ಹಾಕಿಕೊಂಡು ಕೂರುತ್ತಾನೆ. ಹತ್ತಿಯಲ್ಲಿ ಸುತ್ತಿಟ್ಟ ಗಡಿಯಾರದಂಥ ಎದೆಬಡಿತದ ಸದ್ದು ಏರುತ್ತ ಹೋದಾಗ ಅವನಿಗೆ ಅನ್ನಿಸುವುದು ‘ಇವರಿಗೂ ಕೇಳಿಸುತ್ತಿದೆ, ಗೊತ್ತಿದ್ದೂ ನನ್ನ ಭಯವನ್ನು ಗೇಲಿ ಮಾಡುತ್ತಿದ್ದಾರೆ’ ಎಂದು. ಅವನ ಬಾಯಿ ಬಿಡಿಸಿದ್ದು ಆ ಅವಮಾನ. ‘ಅಯ್ಯೋ, ಮುದುಕನನ್ನು ಕೊಂದೆನಲ್ಲ’ ಎಂಬ ಒಂದು ಮಾತೂ ಕಥೆಯಲ್ಲಿಲ್ಲ. ಪಶ್ಚಾತ್ತಾಪವಿಲ್ಲದ ತಪ್ಪೊಪ್ಪಿಗೆ ಇದು. ನಿಮ್ಮ ಬಳಗ ಒಂದು ಸಂಜೆಯನ್ನು ಇದಕ್ಕೇ ಮೀಸಲಿಟ್ಟರೂ ನಷ್ಟವಿಲ್ಲ.

ಪಾಪಪ್ರಜ್ಞೆ ಇದೆಯೋ ಇಲ್ಲವೋ ತಿಳಿಯಲು ಒಂದು ಪ್ರಶ್ನೆ ಸಾಕು: ಇವನು ಇದನ್ನೆಲ್ಲ ಯಾರಿಗೆ ಹೇಳುತ್ತಿದ್ದಾನೆ? ಪೋನದೇ ‘ದಿ ಕಾಸ್ಕ್ ಆಫ್ ಅಮೊಂಟಿಲ್ಯಾಡೊ’ (1846) ಕಥೆಯಲ್ಲಿ ಮಾಂಟ್ರೆಸರ್ ನೆಲಮಾಳಿಗೆಯಲ್ಲಿ ಗೆಳೆಯನನ್ನು ಜೀವಂತ ಗೋಡೆಯೊಳಗೆ ಹೂಳುತ್ತಾನೆ. ಕಲ್ಲಿನ ಹನ್ನೊಂದು ವರಸೆ, ಅದರ ಲೆಕ್ಕವೂ ಪಕ್ಕಾ. ಕೊನೆಯ ಕಲ್ಲಿಡುವಾಗ ಎದೆ ಕಲಕಿತು ಎನ್ನುತ್ತಾನೆ, ಮರುಕ್ಷಣವೇ ‘ನೆಲಮಾಳಿಗೆಯ ಥಂಡಿಗೆ’ ಎಂದು ಸಮಜಾಯಿಷಿ ಕೊಡುತ್ತಾನೆ. ಆದರೆ ಮೊದಲ ಪ್ಯಾರಾದಲ್ಲೇ ‘ನನ್ನ ಆತ್ಮವನ್ನು ಚೆನ್ನಾಗಿ ಬಲ್ಲ ನೀವು’ ಎಂದು ಯಾರನ್ನೋ ಕರೆದಿದ್ದಾನೆ. ನಡೆದು ಅರ್ಧ ಶತಮಾನವಾಗಿದೆ. ಸಾಯುವ ಮುಂಚೆ ಪಾದ್ರಿಯ ಮುಂದೆ ಹೇಳುತ್ತಿದ್ದಾನೆಯೇ? ಪೋ ಹೇಳುವುದಿಲ್ಲ. ಐವತ್ತು ವರ್ಷವಾದರೂ ವರಸೆಗಳ ಎಣಿಕೆ ಮರೆತಿಲ್ಲವೆಂದರೆ ಥಂಡಿಯ ನೆಪವನ್ನು ನಂಬುವುದು ಕಷ್ಟ.

ಪಾಪಪ್ರಜ್ಞೆಯೇ ಗೀಳಾಗಿಬಿಡುವುದನ್ನು ನೋಡಬೇಕಾದರೆ ರಷ್ಯಾದ ಚೆಕಾಫನ ‘ಗುಮಾಸ್ತನ ಸಾವು’ (1883) ಓದಿ. ಎರಡು ಮೂರು ಪುಟದ ಕಥೆ. ನಾಟಕ ನೋಡುವಾಗ ಗುಮಾಸ್ತ ಚೆರ್ವ್ಯಾಕೋವ್ ಸೀನುತ್ತಾನೆ, ಮುಂದೆ ಕೂತ ಜನರಲ್‌ನ ಬೋಳುತಲೆಯ ಮೇಲೆ ಹನಿ ಬೀಳುತ್ತದೆ. ಕೂತಲ್ಲೇ ಕ್ಷಮೆ, ಮಧ್ಯಂತರದಲ್ಲಿ ಕ್ಷಮೆ, ಮಾರನೆಯ ದಿನ ಕಚೇರಿಗೆ ಹೋಗಿ ಕ್ಷಮೆ, ಅದರ ಮಾರನೆಯ ದಿನವೂ ಕ್ಷಮೆ. ‘ಆಯ್ತು ಬಿಡಿ’ ಎಂದಷ್ಟೂ ಇವನ ಅನುಮಾನ ಬೆಳೆಯುತ್ತದೆ. ಜನರಲ್ ಕಡೆಗೆ ‘ಹೊರಗೆ ನಡಿ’ ಎಂದು ಗದರುತ್ತಾನೆ. ಗುಮಾಸ್ತ ಮನೆಗೆ ಬಂದು, ಸಮವಸ್ತ್ರವನ್ನೂ ಬಿಚ್ಚದೆ ಸೋಫಾದ ಮೇಲೆ ಮಲಗಿ ಸಾಯುತ್ತಾನೆ. ಪೋನ ಪಕ್ಕದಲ್ಲಿಟ್ಟು ಓದಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ: ಕೊಲೆ ಮಾಡಿದವನಿಗೆ ಪಶ್ಚಾತ್ತಾಪವಿಲ್ಲ, ಸೀನಿದವನಿಗೆ ಬದುಕಲಾಗಲಿಲ್ಲ.

ಇನ್ನು ದಿನಚರಿಗಳು. ಗೊಗೋಲನ ‘ಹುಚ್ಚನ ದಿನಚರಿ’ (1835) ಓದುವಾಗ ಎಲ್ಲರೂ ನಗುವುದು ‘2000ನೇ ಇಸವಿ, ಏಪ್ರಿಲ್ 43’ ಬಂದಾಗ. ಗುಮಾಸ್ತ ಪೊಪ್ರಿಶ್ಚಿನ್ ತಾನೇ ಸ್ಪೇನಿನ ದೊರೆ ಎಂದು ಘೋಷಿಸುವ ದಿನ ಅದು. ಆದರೆ ಅವನ ಕಿವಿಗೆ ನಾಯಿ ಮಾತಾಡಿದ್ದು ಅದಕ್ಕೆ ಎಷ್ಟೋ ಮೊದಲು, ಅಕ್ಟೋಬರ್ 3ರ ಮೊಟ್ಟಮೊದಲ ಪುಟದಲ್ಲೇ. ಆಗ ತಾರೀಕು ಸರಿಯಾಗಿಯೇ ಇದೆ. ಕ್ಯಾಲೆಂಡರ್ ಹಳಿ ತಪ್ಪುವ ಹೊತ್ತಿಗೆ ಮನಸ್ಸು ಹಳಿ ತಪ್ಪಿ ತಿಂಗಳುಗಳಾಗಿವೆ. ತಾರೀಕು ಕೆಟ್ಟಲ್ಲಿಂದ ಹುಚ್ಚು ಶುರು ಎಂದು ಓದುವವರು ಅರ್ಧ ಕಥೆ ಕಳೆದುಕೊಳ್ಳುತ್ತಾರೆ.

ಮೊಪಾಸಾನ ‘ಒರ್ಲಾ’ದಲ್ಲಿ ತಾರೀಕು ಕೆಡುವುದೇ ಇಲ್ಲ. ಮೇ 8ರಿಂದ ಸೆಪ್ಟೆಂಬರ್ 10ರವರೆಗೆ ಅಚ್ಚುಕಟ್ಟು. ರಾತ್ರಿ ಯಾರೋ ತನ್ನ ಕೋಣೆಯ ನೀರು ಕುಡಿಯುತ್ತಾರೆ ಎಂಬ ಅನುಮಾನ ಬಂದಾಗ ಅವನು ಮಾಡುವ ಪರೀಕ್ಷೆ ನೋಡಿ: ನೀರು, ಹಾಲಿನ ಬಾಟಲಿಗಳಿಗೆ ಬಿಳಿ ಮಲ್‌ಮಲ್ ಬಟ್ಟೆ ಸುತ್ತಿ, ಬಿರಡೆಗಳನ್ನು ದಾರದಿಂದ ಬಿಗಿದು, ತನ್ನ ತುಟಿ, ಗಡ್ಡ, ಕೈಗಳಿಗೆ ಸೀಸದ ಕಪ್ಪು ಬಳಿದುಕೊಂಡು ಮಲಗುತ್ತಾನೆ. ನಿದ್ದೆಗಣ್ಣಲ್ಲಿ ತಾನೇ ಕುಡಿದಿದ್ದರೆ ಬಟ್ಟೆಗೆ ಕಲೆ ಆಗಬೇಕು. ಬೆಳಿಗ್ಗೆ ಬಟ್ಟೆ ಸ್ವಚ್ಛ, ಬಾಟಲಿ ಖಾಲಿ. ಪ್ರಯೋಗದಲ್ಲಿ ತಪ್ಪು ಹುಡುಕುವುದು ಕಷ್ಟ, ಫಲಿತಾಂಶವನ್ನು ನಂಬುವುದೂ ಕಷ್ಟ. ಇದೇ ಕಥೆಯ ಇನ್ನೊಂದು ಚಿಕ್ಕ ರೂಪ 1886ರದ್ದು, ಅದರಲ್ಲಿ ರೋಗಿ ವೈದ್ಯರ ಮುಂದೆ ಕೂತು ಹೇಳುತ್ತಾನೆ. 1887ರದ್ದು ದಿನಚರಿ. ಎರಡನ್ನೂ ಒಂದೇ ಸಂಜೆ ಓದಿ. ಎದುರಿಗೆ ವೈದ್ಯರಿದ್ದಾಗ ಮಾತು ಸಾಕ್ಷ್ಯದ ಧಾಟಿ ಹಿಡಿಯುತ್ತದೆ. ಅವರನ್ನು ತೆಗೆದರೆ ಭಯ ನೇರ ನಮ್ಮ ಮೈಮೇಲೆ ಬರುತ್ತದೆ. ಮೊಪಾಸಾ ಮುಂದೆ ಮಾನಸಿಕ ಆಸ್ಪತ್ರೆ ಸೇರಿ 1893ರಲ್ಲಿ ತೀರಿಕೊಂಡದ್ದನ್ನು ಇಲ್ಲಿ ಎಳೆದು ತರಬೇಡಿ. ಆ ಪ್ರಯೋಗದ ಪುಟ ಬರೆದ ಕೈ ಎಲ್ಲೂ ನಡುಗಿಲ್ಲ.

ಗಿಲ್ಮನ್ ವಿಷಯದಲ್ಲಿ ಮಾತ್ರ ಬದುಕನ್ನು ತರಬಹುದು, ಕಥೆಯೇ ತಂದಿದೆ. ‘ದಿ ಯೆಲ್ಲೋ ವಾಲ್‌ಪೇಪರ್’ನಲ್ಲಿ (1892) ಓದು ಬರಹ ಬಿಡಿಸಿ ರೋಗಿಯನ್ನು ಮಲಗಿಸಿಡುವ ‘ವಿಶ್ರಾಂತಿ ಚಿಕಿತ್ಸೆ’ಯ ವೈದ್ಯ ವೀರ್ ಮಿಚೆಲ್ ಹೆಸರು ನೇರವಾಗಿ ಬರುತ್ತದೆ, ಗಿಲ್ಮನ್ ಆತನಿಂದ ಚಿಕಿತ್ಸೆ ಪಡೆದವರು. ಇಲ್ಲಿ ತಾರೀಕಿಲ್ಲ, ಬರೆಯುವುದನ್ನೇ ಗಂಡ ಬೇಡವೆಂದಿದ್ದಾನೆ, ನಿರೂಪಕಿ ಕದ್ದು ಬರೆಯುತ್ತಾಳೆ. ಕಾಲ ಸರಿಯುವುದು ಮನೆಯ ಮೂರು ತಿಂಗಳ ಬಾಡಿಗೆಯ ಕರಾರಿನಲ್ಲಿ: ಜುಲೈ ನಾಲ್ಕು ಕಳೆಯಿತು, ಇನ್ನೆರಡೇ ದಿನ ಉಳಿಯಿತು. ಎರಡನೆಯ ಓದಿನಲ್ಲಿ ಒಂದು ಕಲೆಯನ್ನು ಹಿಂಬಾಲಿಸಿ. ಗೋಡೆಯ ಕೆಳಭಾಗದಲ್ಲಿ, ಸುತ್ತಲೂ, ಯಾರೋ ಮತ್ತೆ ಮತ್ತೆ ಉಜ್ಜಿದಂಥ ಗುರುತಿದೆ. ಯಾರು ಮಾಡಿದರೋ ಎಂದು ಆಕೆ ಆಶ್ಚರ್ಯಪಡುತ್ತಾಳೆ. ಕೊನೆಯಲ್ಲಿ ತೆವಳುವಾಗ ಆಕೆಯ ಭುಜ ಅದೇ ಗುರುತಿಗೆ ಸರಿಯಾಗಿ ಕೂರುತ್ತದೆ. ಮಂಚವನ್ನು ಯಾರೋ ಕಚ್ಚಿದ್ದಾರೆ ಎನ್ನುವ ಸಾಲಿನ ಹತ್ತಿರದಲ್ಲೇ ತಾನೂ ಕಚ್ಚಿದೆ ಎಂಬ ಸಾಲಿದೆ. ಇವನ್ನು ಮೊದಲ ಓದಿನಲ್ಲಿ ಹಿಡಿದವರು ಕಡಿಮೆ.

ಚೀನಾದ ಲೂ ಷುನ್ 1918ರಲ್ಲಿ ಗೊಗೋಲನ ಶೀರ್ಷಿಕೆಯನ್ನೇ ಎತ್ತಿಕೊಂಡು ಬರೆದ ಕಥೆಯನ್ನೂ ಪಟ್ಟಿಗೆ ಸೇರಿಸಿ. ಸುತ್ತಲಿನವರೆಲ್ಲ ನರಭಕ್ಷಕರು ಎಂದು ದಿನಚರಿ ಬರೆದವನು ಈಗ ಗುಣವಾಗಿ ಸರ್ಕಾರಿ ಹುದ್ದೆಗೆ ಹೋಗಿದ್ದಾನೆ ಎಂದು ಕಥೆ ಮುನ್ನುಡಿಯಲ್ಲೇ ಹೇಳಿಬಿಡುತ್ತದೆ. ಹುಚ್ಚು ಎಂದು ಹೆಸರಿಟ್ಟವರು ಯಾರು ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಕಥೆ ಸಿಗದು.

ಕ್ರಮ ಹೀಗಿರಲಿ: ಮೊದಲ ತಿಂಗಳು ಚೆಕಾಫ್ ಮತ್ತು ‘ಟೆಲ್-ಟೇಲ್ ಹಾರ್ಟ್’, ಎರಡನ್ನೂ ಗಟ್ಟಿಯಾಗಿ ಓದಿ. ಆಮೇಲೆ ‘ಕಾಸ್ಕ್’ ಒಂದೇ. ಮೂರನೆಯದು ಎರಡೂ ‘ಒರ್ಲಾ’. ಗಿಲ್ಮನ್‌ಗೆ ಪೂರ್ತಿ ಒಂದು ಸಂಜೆ ಬೇಕು. ಗೊಗೋಲ್, ಲೂ ಷುನ್ ಜೋಡಿ ಕೊನೆಗೆ. ಅನುವಾದ ಆರಿಸುವಾಗ ಪೋನ ಮೊದಲ ಪ್ಯಾರಾ ನೋಡಿ. ತುಂಡು ವಾಕ್ಯ, ಅಡ್ಡಗೆರೆ, ಒಂದೇ ಪದದ ಪುನರಾವರ್ತನೆ ಎಲ್ಲವನ್ನೂ ತಿದ್ದಿ ನಯ ಮಾಡಿದ್ದರೆ ಆ ಪುಸ್ತಕ ಬಿಡಿ. ಅದರಲ್ಲಿ ನಿರೂಪಕ ಆರೋಗ್ಯವಂತನಾಗಿಬಿಟ್ಟಿರುತ್ತಾನೆ.

ನಿಮ್ಮ ಬಳಗದವರು ಇಂಥ ಕಥೆ ಬರೆದು ನಮಗೆ ಕಳಿಸುವ ಯೋಚನೆಯಲ್ಲಿದ್ದಾರೆ ಎಂದೂ ಬರೆದಿದ್ದೀರಿ. ಕಳಿಸಲಿ. ಮೊದಲ ಸಾಲಿನಲ್ಲಿ ‘ನಾನು ಹುಚ್ಚನಲ್ಲ’ ಎಂದೂ ಕೊನೆಯ ಸಾಲಿನಲ್ಲಿ ಆಸ್ಪತ್ರೆಯ ಹಾಸಿಗೆಯೂ ಇರುವ ಕಥೆಗಳು ನಮ್ಮಲ್ಲಿ ಈಗಾಗಲೇ ಸಾಕಷ್ಟಿವೆ.

– ಸಂಪಾದಕ