ಅಜೈಡ್ ಸಿಡಿಯುತ್ತೆ ಅಂತಾರೆ, ಹಾಗಾದ್ರೆ ಮಾತ್ರೆಯೊಳಗೆ ಹೇಗೆ ಇರುತ್ತೆ?

ಕಾಸರಗೋಡಿನ ಬಿ.ಎಸ್ಸಿ ವಿದ್ಯಾರ್ಥಿಯೊಬ್ಬರ ಪ್ರಶ್ನೆ ಇದು. ಸಿಡಿಯುವುದು ಯಾಕೆಂದರೆ, ಅಜೈಡ್ ಎಂಬ ಮೂರು ನೈಟ್ರೋಜನ್‌ಗಳ ಗುಂಪಿನೊಳಗೆ ನೈಟ್ರೋಜನ್ ಅನಿಲ ಹೆಚ್ಚುಕಮ್ಮಿ ತಯಾರಾಗಿಯೇ ಕೂತಿದೆ. ಎಚ್‌ಐವಿಯ ಮಾತ್ರೆಯೊಂದರಲ್ಲಿ ಅದು ಸಿಡಿಯದೆ ಉಳಿಯುವುದು ಅದರ ಸುತ್ತ ದೊಡ್ಡ ಅಣು ಇರುವುದರಿಂದ.

ಗುಂಪಿನಲ್ಲಿ ಈ ಮೂರು ನೈಟ್ರೋಜನ್ ಪರಮಾಣುಗಳು ಬಹುತೇಕ ನೇರ ಸಾಲಿನಲ್ಲಿವೆ, ಮೊದಲನೆಯದು ಕಾರ್ಬನ್‌ಗೆ ಅಂಟಿಕೊಂಡಿದೆ. ನಡುವಿನದಕ್ಕೆ ಧನ ಆವೇಶ. ಋಣ ಆವೇಶ ಎರಡೂ ತುದಿಗಳಲ್ಲಿ ಹಂಚಿಹೋಗಿದೆ, ಒಟ್ಟು ಲೆಕ್ಕ ಸೊನ್ನೆ. ಈ ಹಂಚಿಕೆಯಿಂದಾಗಿಯೇ ಅದು ಸುಮ್ನೆ ಬಿಟ್ಟರೆ ತಕ್ಕಮಟ್ಟಿಗೆ ಗಟ್ಟಿಯಾಗಿರುತ್ತೆ. ಆದರೆ ಬಿಸಿ ಜಾಸ್ತಿಯಾದರೆ ಮೊದಲನೆಯ ಮತ್ತು ಎರಡನೆಯ ನೈಟ್ರೋಜನ್ ನಡುವಿನ ಬಂಧ ಮುರಿದು, ಉಳಿದೆರಡು ಜೋಡಿಯಾಗಿ ಅನಿಲವಾಗಿ ಹಾರಿಹೋಗುತ್ತವೆ. ಆ ಜೋಡಿಯ ತ್ರಿಬಂಧ ತುಂಬಾ ಬಲವಾದದ್ದು, ಮುರಿಯಬೇಕಾದರೆ ಒಂದು ಮೋಲ್‌ಗೆ ಸುಮಾರು 945 ಕಿಲೋಜೂಲ್ ಬೇಕು. ಅಷ್ಟು ಗಟ್ಟಿ ಬಂಧ ಸಿಗುವಾಗ ಶಕ್ತಿ ಹೊರಬರಲೇಬೇಕು ಅಲ್ವಾ? ಕುಂಬಳೆ ದೇವಸ್ಥಾನದ ಉತ್ಸವದ ಬೆಡಿಯಲ್ಲಿ ಸಿಡಿಮದ್ದು ಉರಿಯಲು ಆಮ್ಲಜನಕ ಕೊಡುವ ಲವಣ ಬೆರೆಸಿರಬೇಕು, ಅಜೈಡ್‌ಗೆ ಅದೂ ಬೇಡ.

ಇನ್ನು ಗಾತ್ರ. ಮೀಥೈಲ್ ಅಜೈಡ್‌ನಲ್ಲಿ ಇರುವುದು ಒಂದೇ ಕಾರ್ಬನ್, ಹಾಗಾಗಿ ಬಲು ಅಪಾಯ. ಎಚ್‌ಐವಿಗೆ 1987ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ ಔಷಧಿ ಜಿಡೋವುಡಿನ್‌ನಲ್ಲಿಯೂ ಅಜೈಡ್ ಇದೆ, ಆದರೆ ಹತ್ತು ಕಾರ್ಬನ್‌ಗಳ ಜೊತೆ. ಅಲ್ಲಿ ಒಂದೊಂದು ಗ್ರಾಮಿಗೆ ಸಿಗುವ ಶಕ್ತಿ ಕಡಿಮೆ.

ಆದರೆ ಲ್ಯಾಬ್‌ನಲ್ಲಿ ಸೋಡಿಯಂ ಅಜೈಡ್‌ಗೆ ಆಸಿಡ್ ತಾಗಿಸಲೇಬೇಡಿ. ವಿಷಕಾರಿಯೂ ಸಿಡಿಯುವಂಥದ್ದೂ ಆದ ಹೈಡ್ರಜೋಯಿಕ್ ಆಮ್ಲ ಹುಟ್ಟುತ್ತೆ.