ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದವರನ್ನು ಮನೆಯಲ್ಲಿ ನೋಡಿಕೊಳ್ಳುವುದು ಹೇಗೆ?

ಶಿರಸಿ ಹತ್ತಿರದ ಹಳ್ಳಿಯಲ್ಲಿ, ಅಡಿಕೆ ಕೊನೆ (ಗೊನೆ) ಕೊಯ್ಯುವಾಗ ಬಿದ್ದ ನಿಮ್ಮ ತಮ್ಮ ಆಸ್ಪತ್ರೆಯಿಂದ ಮನೆಗೆ ಬರುತ್ತಿದ್ದಾನೆ ಎಂದಿದ್ದೀರಿ. ಮೊದಲು ಚರ್ಮದ ಬಗ್ಗೆ ಹೇಳುತ್ತೇನೆ, ಜಾಸ್ತಿ ಜನ ಸೋಲುವುದು ಅಲ್ಲೇ.

ಸ್ಪರ್ಶ ಗೊತ್ತಾಗದ ಕಡೆ ಒತ್ತಿದ್ದೂ ಗೊತ್ತಾಗುವುದಿಲ್ಲ, ಅಲ್ವಾ? ಹಾಸಿಗೆ ಹುಣ್ಣು ಹಾಗೇ ಶುರುವಾಗುತ್ತದೆ. ಮಲಗಿದ್ದಾಗ 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಗಾಲಿಕುರ್ಚಿಯಲ್ಲಿ 15–30 ನಿಮಿಷಕ್ಕೊಮ್ಮೆ ಮುಂದೆ ಬಾಗಲಿ, ಇಲ್ಲವೇ ಕೈಯೂರಿ ಮೈ ಎತ್ತಲಿ. ದಿನಾ ಬೆನ್ನಿನ ಕೆಳಭಾಗ, ಹಿಮ್ಮಡಿ ನೋಡಿ. ಕೆಂಪು ಕಲೆ ಮಾಸದಿದ್ದರೆ ಆ ಜಾಗಕ್ಕೆ ಭಾರ ಬೀಳಬಾರದು. ನಮ್ಮ ಮಳೆಗಾಲದಲ್ಲಿ ಬಟ್ಟೆ ಒಣಗುವುದೇ ಕಷ್ಟ, ಆದರೂ ಹಸಿ ಬಟ್ಟೆ ಬೇಡವೇ ಬೇಡ. ಚಳಿ ಎಂದು ಒಲೆ ಹತ್ತಿರ ಕಾಲು ಚಾಚಿಸಬೇಡಿ, ಸುಟ್ಟರೂ ತಿಳಿಯುವುದಿಲ್ಲ.

ಮೂತ್ರಕ್ಕೆ 4–6 ಗಂಟೆಗೊಮ್ಮೆ ಕ್ಯಾತಿಟರ್ (ಮೂತ್ರದ ನಳಿಕೆ) ಹಾಕಿ ತೆಗೆಯುವುದನ್ನು ಡಾಕ್ಟರನ್ನು ಕೇಳಿ ಕಲಿಯಿರಿ. ಪೆಟ್ಟು ಕುತ್ತಿಗೆ ಅಥವಾ ಎದೆಯ ಮೇಲ್ಭಾಗದಲ್ಲಿದ್ದು, ಇದ್ದಕ್ಕಿದ್ದಂತೆ ತಲೆ ಸಿಡಿದು ಬೆವರು ಬಂದರೆ ಬಿಪಿ ಏರಿರಬಹುದು. ನೆಟ್ಟಗೆ ಕೂರಿಸಿ, ಮೂತ್ರ ಕಟ್ಟಿಕೊಂಡಿದೆಯಾ, ನಳಿಕೆ ಇದ್ದರೆ ಅದು ಕಟ್ಟಿದೆಯಾ ನೋಡಿ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಜಗುಲಿಗೆ ಇಳಿಜಾರು ಕಟ್ಟಿಸಿ: 1 ಅಡಿ ಎತ್ತರಕ್ಕೆ 12 ಅಡಿ ಉದ್ದ. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ), ಮಾಸಾಶನಕ್ಕೆ ಗ್ರಾಮ ಪಂಚಾಯ್ತಿಯ ಪುನರ್ವಸತಿ ಕಾರ್ಯಕರ್ತರಾದ ವಿಆರ್‌ಡಬ್ಲ್ಯು ನೆರವಾಗುತ್ತಾರೆ.

ನೆರೆಯವರು "ಪಾಪ" ಎಂದು ನೋಡಿ ಹೋಗುವುದಕ್ಕಿಂತ, ವಾರಕ್ಕೊಂದು ದಿನ ಅವನನ್ನು ತೋಟದ ದಾರಿಗೋ ಯಕ್ಷಗಾನಕ್ಕೋ ಕರೆದೊಯ್ಯಲಿ. ಆ ಹೊತ್ತು ಅಮ್ಮನಿಗೂ ಸ್ವಲ್ಪ ನಿದ್ದೆ ಸಿಗುತ್ತದೆ.