ಆವೇಶವಿಲ್ಲದ ಕಣಕ್ಕೂ ಪ್ರತಿಕಣ ಉಂಟೆ?

ಪ್ರಶ್ನೆ: ಎಲೆಕ್ಟ್ರಾನ್‌ಗೆ ಋಣ ಆವೇಶ, ಅದರ ಪ್ರತಿಕಣ ಪಾಸಿಟ್ರಾನ್‌ಗೆ ಧನ ಆವೇಶ. ಆದರೆ ನ್ಯೂಟ್ರಾನ್‌ಗೆ ಆವೇಶವೇ ಇಲ್ಲವಲ್ಲ, ಅದಕ್ಕೆ ಬೇರೆ ಪ್ರತಿಕಣ ಇರಲು ಹೇಗೆ ಸಾಧ್ಯ?

ಉತ್ತರ: ಖಂಡಿತ ಇದೆ. ಪ್ರತಿಕಣವೆಂದರೆ ದ್ರವ್ಯರಾಶಿ ಅಷ್ಟೇ ಇದ್ದು, ಆವೇಶದಂಥ ಗುಣಗಳು ತಿರುವುಮುರುವಾಗಿರುವ ಜೋಡಿ ಕಣ. ಆವೇಶವೊಂದನ್ನೇ ನೋಡಿದಾಗ ಈ ಗೊಂದಲ ಸಹಜ. ನ್ಯೂಟ್ರಾನ್ ಕ್ವಾರ್ಕ್ ಎಂಬ ಇನ್ನೂ ಚಿಕ್ಕ ಕಣಗಳಿಂದಾದದ್ದು. ಪ್ರೋಟಾನ್‌ನ ಆವೇಶವನ್ನು +1 ಎಂದುಕೊಂಡರೆ, ಅದರಲ್ಲಿ +2/3 ಆವೇಶದ ಒಂದು ಅಪ್ ಕ್ವಾರ್ಕ್, ತಲಾ −1/3 ಆವೇಶದ ಎರಡು ಡೌನ್ ಕ್ವಾರ್ಕ್‌ಗಳಿವೆ, ಕೂಡಿದರೆ ಸೊನ್ನೆ. ಪ್ರತಿನ್ಯೂಟ್ರಾನ್‌ನಲ್ಲಿರುವುದು ಅವುಗಳ ಪ್ರತಿಕ್ವಾರ್ಕ್‌ಗಳು: −2/3, +1/3, +1/3. ಮೊತ್ತ ಮತ್ತೆ ಸೊನ್ನೆಯೇ, ಆದರೆ ಬೇರಿಯಾನ್ ಸಂಖ್ಯೆ (ಪ್ರೋಟಾನ್, ನ್ಯೂಟ್ರಾನ್‌ನಂಥ ಕಣಗಳನ್ನು ಎಣಿಸುವ ಲೆಕ್ಕ) +1 ಇದ್ದದ್ದು −1 ಆಗುತ್ತದೆ. ಕಾಂತೀಯ ಗುಣದಲ್ಲೂ ವ್ಯತ್ಯಾಸ ಕಾಣುತ್ತದೆ. ನ್ಯೂಟ್ರಾನ್‌ನ ಕಾಂತೀಯ ಮಹತ್ವ (ಪುಟ್ಟ ಅಯಸ್ಕಾಂತದಂತೆ ವರ್ತಿಸುವ ಗುಣ) ಅದರ ಸ್ಪಿನ್‌ಗೆ, ಅಂದರೆ ಕಣಕ್ಕೆ ಸಹಜವಾಗಿರುವ ಗಿರಕಿಯಂಥ ಗುಣಕ್ಕೆ, ವಿರುದ್ಧ ದಿಕ್ಕಿನಲ್ಲಿದ್ದರೆ, ಪ್ರತಿನ್ಯೂಟ್ರಾನ್‌ನದು ಸ್ಪಿನ್ ಇರುವ ದಿಕ್ಕಿನಲ್ಲೇ ಇರುತ್ತದೆ.

ಪ್ರತಿನ್ಯೂಟ್ರಾನನ್ನು ಪತ್ತೆಮಾಡಿದ್ದು 1956ರಲ್ಲಿ, ಅಮೆರಿಕದ ಬರ್ಕ್‌ಲಿಯ ಬೆವಟ್ರಾನ್ ಎಂಬ ಕಣ ವೇಗವರ್ಧಕದಲ್ಲಿ. ಪ್ರತಿಪ್ರೋಟಾನ್ ಸಿಕ್ಕಿದ್ದೂ ಅಲ್ಲೇ, ಅದರ ಹಿಂದಿನ ವರ್ಷ. ಆವೇಶವಿಲ್ಲದ ಕಣ ಸಂಸೂಚಕದಲ್ಲಿ ನೇರ ಗುರುತು ಬಿಡುವುದಿಲ್ಲವಾದ್ದರಿಂದ ಸುತ್ತುಬಳಸಿನ ದಾರಿ ಬೇಕಾಯಿತು. ಪ್ರತಿಪ್ರೋಟಾನ್ ಒಂದು ಪ್ರೋಟಾನ್‌ಗೆ ಆವೇಶ ದಾಟಿಸಿದರೆ ಉಳಿಯುವುದು ನ್ಯೂಟ್ರಾನ್ ಮತ್ತು ಪ್ರತಿನ್ಯೂಟ್ರಾನ್. ಆವೇಶ ಗುರುತಿಸುವ ಸಂಸೂಚಕ ಸುಮ್ಮನಿದ್ದು, ಅದರಾಚೆಯ ಸೀಸದ ಗಾಜಿನಲ್ಲಿ ದೊಡ್ಡ ಪ್ರಮಾಣದ ಶಕ್ತಿ ಹೊಮ್ಮಿದರೆ ಅಲ್ಲಿ ಪ್ರತಿನ್ಯೂಟ್ರಾನ್ ದ್ರವ್ಯಕ್ಕೆ ತಾಗಿ ನಾಶವಾಗಿದೆ ಎಂದರ್ಥ. ಸಾಮಾನ್ಯ ನ್ಯೂಟ್ರಾನ್‌ನಿಂದ ಅಷ್ಟು ಶಕ್ತಿ ಬರುವುದಿಲ್ಲ.

ಆದರೆ ಬೆಳಕಿನ ಕಣವಾದ ಫೋಟಾನ್ ತನಗೆ ತಾನೇ ಪ್ರತಿಕಣ. ಅದರಲ್ಲಿ ತಿರುವುಮುರುವು ಮಾಡಲು ಏನೂ ಇಲ್ಲ. ಆವೇಶವಿಲ್ಲದ, ತೀರಾ ಹಗುರವಾದ ನ್ಯೂಟ್ರಿನೊ ಎಂಬ ಕಣ ಕೂಡ ಹಾಗೆಯೇ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಕಣಭೌತಶಾಸ್ತ್ರದ ಅತ್ಯಂತ ಸೊಗಸಾದ ಪ್ರಶ್ನೆಗಳಲ್ಲಿ ಅದೊಂದು.

ಪ್ರಶ್ನೆ: ದ್ರವ್ಯ ತಾಗಿದೊಡನೆ ನಾಶವಾಗುವ ಪ್ರತಿಕಣಗಳನ್ನು ಯಾವ ಪಾತ್ರೆಯಲ್ಲಿ ಇಡುತ್ತಾರೆ?

ಉತ್ತರ: ಗೋಡೆಗೆ ತಾಗಲು ಬಿಡದ ಪೆನಿಂಗ್ ಬಲೆಯಲ್ಲಿ. ಕೊಳವೆಯ ಉದ್ದಕ್ಕೂ ಇರುವ ಕಾಂತಕ್ಷೇತ್ರ ಪ್ರತಿಪ್ರೋಟಾನ್‌ಗಳನ್ನು ಸುತ್ತಿಸುತ್ತಾ ಗೋಡೆಯಿಂದ ದೂರವಿಡುತ್ತದೆ. ಎರಡೂ ತುದಿಯ ಋಣ ವೋಲ್ಟೇಜು ಅವನ್ನು ಒಳಕ್ಕೆ ತಳ್ಳುತ್ತದೆ. ಕೆಲಸ ಕೆಡುವುದು ಹೆಚ್ಚಾಗಿ ಅಳಿದುಳಿದ ಅನಿಲದಿಂದ: ಒಂದೊಂದು ಅಣುವೂ ಒಂದು ಪ್ರತಿಪ್ರೋಟಾನ್‌ಗೆ ಮೃತ್ಯುವಾಗಬಲ್ಲದು. ಅದಕ್ಕೇ ಗಾಳಿಯನ್ನು ಹೊರತೆಗೆದರಷ್ಟೇ ಸಾಲದು. ಗೋಡೆಯನ್ನು ಸುಮಾರು 4 ಕೆಲ್ವಿನ್‌ಗೆ ತಣಿಸಿ, ಉಳಿದ ಅನಿಲವನ್ನು ಅದರ ಮೇಲೆಯೇ ಹೆಪ್ಪುಗಟ್ಟಿಸುತ್ತಾರೆ.

ಪ್ರತಿಪ್ರೋಟಾನ್ ಮತ್ತು ಪಾಸಿಟ್ರಾನ್ ಸೇರಿ ಆಗುವ ಪ್ರತಿಹೈಡ್ರೋಜನ್ ಪರಮಾಣು ತಟಸ್ಥವಾದ್ದರಿಂದ ಈ ಬಲೆಗೆ ಸಿಗುವುದಿಲ್ಲ. ಅದರ ಪುಟ್ಟ ಕಾಂತೀಯ ಮಹತ್ವವನ್ನೇ ಹಿಡಿಕೆಯಾಗಿಸಿಕೊಂಡು, ನಡುವೆ ದುರ್ಬಲ, ಸುತ್ತ ಪ್ರಬಲವಾದ ಕಾಂತಕ್ಷೇತ್ರದಲ್ಲಿ ಹಿಡಿಯಬೇಕು. ಈ ಹಿಡಿತ ತಡೆಯುವುದು ಅರ್ಧ ಕೆಲ್ವಿನ್‌ನ ಆಸುಪಾಸಿನ ಚಲನಶಕ್ತಿಯನ್ನಷ್ಟೇ. ಅದಕ್ಕಿಂತ ಬಿಸಿಯಾದ ಪರಮಾಣು ಗೋಡೆಗೆ ಬಡಿದು ನಾಶವಾಗುತ್ತದೆ. ಹೀಗಿದ್ದೂ ಯುರೋಪಿನ ಕಣಭೌತ ಸಂಶೋಧನಾ ಕೇಂದ್ರವಾದ ಸರ್ನ್‌ನ ಆಲ್ಫಾ ತಂಡ 2011ರಲ್ಲಿ ಇವನ್ನು 1,000 ಸೆಕೆಂಡು ಹಿಡಿದಿಟ್ಟಿತು. ಅದೇ ತಂಡ 2023ರಲ್ಲಿ, ಬಲೆಯ ಮೇಲು ಕೆಳಗಿನ ಹಿಡಿತವನ್ನು ನಿಧಾನವಾಗಿ ಸಡಿಲಿಸಿ, ಪ್ರತಿಹೈಡ್ರೋಜನ್ ಕೂಡ ಭೂಮಿಯ ಕಡೆಗೇ ಬೀಳುತ್ತದೆ ಎಂದು ತೋರಿಸಿಕೊಟ್ಟಿತು.